ಸಿಂಹದ ಮುದ್ರೆಯ ಕೋವಿ ಟಿಪ್ಪು ಕಾಲದ್ದೇ?

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮ್ಮದು ಹಳೆಯ ಮನೆ. ಈ ಬೇಸಿಗೆ ಹಂಚು ಇಳಿಸಿ ರಿಪೇರಿ ಮಾಡಿಸುವಾಗ ಮೆತ್ತಿನ ಮೇಲೆ ಗೋಣಿಯಲ್ಲಿ ಸುತ್ತಿಟ್ಟ ಎರಡು ಕೋವಿ ಸಿಕ್ಕವು. ಒಂದು ಉದ್ದನೆಯ ಒಂಟಿನಳಿಗೆ, ಬಾಯಿಂದ ಮದ್ದು ತುಂಬುವ ಕೇಪಿನ (ಬಡಿದರೆ ಕಿಡಿ ಕೊಡುವ ತಾಮ್ರದ ಪುಟ್ಟ ಟೋಪಿಯ) ಕೋವಿ. ಅದರ ಲಾಕಿನ (ಮದ್ದಿಗೆ ಬೆಂಕಿ ಹಚ್ಚುವ ಬದಿಯ ಯಂತ್ರದ) ಮೇಲೆ ಹಿಂಗಾಲ ಮೇಲೆ ನಿಂತ ಪ್ರಾಣಿಯ ಚಿತ್ರವಿದೆ. ಟಿಪ್ಪುವಿನ ಸೈನಿಕರು ಬಿಟ್ಟುಹೋದದ್ದು ಎಂದು ಅಜ್ಜ ಹೇಳುತ್ತಿದ್ದರು. ಇನ್ನೊಂದು ಮಡಚಿ ತೋಟೆ ಹಾಕುವ ಜೋಡುನಳಿಗೆ, ಹೊರಗೆ ಎರಡು ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆಯಂಥ ಭಾಗ) ಇದೆ, ಮೇಲೆ ಬಾಂಬೆಯ ಅಂಗಡಿಯೊಂದರ ಹೆಸರಿದೆ. ಎರಡರಲ್ಲೂ ಕಾರ್ಖಾನೆಯ ನಂಬರಿಲ್ಲ, ಜೋಡುನಳಿಗೆಯ ಟ್ರಿಗರಿನ ಬಳೆಯ ಮೇಲೆ ಮಾತ್ರ 214 ಎಂದು ಕೊರೆದಿದೆ, ಅದೇನು? ಅಜ್ಜನ ಹೆಸರಿನ ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಒಂದೇ ಕೋವಿಯ ಉಲ್ಲೇಖವಿದೆ. ಇವು ಎಷ್ಟು ಹಳೆಯವು? ನೂರು ವರ್ಷ ದಾಟಿದ್ದರೆ ಲೈಸೆನ್ಸ್ ಬೇಡವಂತೆ, ಹೌದೇ? ಆಯುಧಪೂಜೆಗೆ ಇಡಬಹುದೇ?

ಉತ್ತರ: ನೀವು ಕಳಿಸಿದ ಹನ್ನೊಂದು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ವಯಸ್ಸಿನ ವಿಚಾರ ಆಮೇಲೆ. ಮೊದಲು ಒಂದು ಕೆಲಸ ಆಗಬೇಕು.

ಕೇಪಿನ ಕೋವಿಯ ಗಜವನ್ನು (ಮದ್ದು ಜಡಿಯುವ ಕೋಲು) ನಳಿಗೆಯ ಬಾಯಿಂದ ಮೆಲ್ಲಗೆ ಒಳಗೆ ಇಳಿಸಿ. ಬಾಯಿಯನ್ನು ನಿಮ್ಮಿಂದ, ಬೇರೆಯವರಿಂದ ದೂರಕ್ಕೆ ತಿರುಗಿಸಿಟ್ಟುಕೊಂಡೇ ಮಾಡಿ. ಗಜ ನಿಂತ ಕಡೆ ಬಾಯಿಯ ಮಟ್ಟಕ್ಕೆ ಬೆರಳು ಹಿಡಿದು ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಒತ್ತಿ ಅಳೆಯಿರಿ. ತುದಿ ಕೇಪು ಕೂರುವ ಗೂಟದ ಹತ್ತಿರ ಬಂದರೆ ಕೋವಿ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ಮತ್ತೆ ಮುಟ್ಟಬೇಡಿ, ಗೊತ್ತಿದ್ದವರ ಕೈಯಲ್ಲಿ ತೆಗೆಸಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಯಾಣದ ದಾರಿಯ ಒಂದು ಮನೆಯ ಜಗುಲಿಯಲ್ಲಿ ವರ್ಷಗಟ್ಟಲೆ ಗೂಟಕ್ಕೆ ನೇತಾಡುತ್ತಿದ್ದ, ಮಕ್ಕಳು ಆಡಿ ಬಿಟ್ಟಿದ್ದ ಕೋವಿಯಿಂದ ನಾನೇ ಚರೆ, ತೆಂಗಿನ ನಾರು, ಒಣಮದ್ದು ಮೂರನ್ನೂ ತೆಗೆದಿದ್ದೇನೆ. ಒಂದು ಚಿಟಿಕೆಯನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು ಕಡ್ಡಿ ಗೀರಿದರೆ ಬುಸ್ಸೆಂದು ಹತ್ತಿತು. ಕರಿಮದ್ದಿಗೆ ಮುಪ್ಪಿಲ್ಲ.

ಈಗ ನಂಬರಿನ ಮಾತು. ನಂಬರಿಲ್ಲ ಎಂದ ಕೂಡಲೇ ಕಳ್ಳಮಾಲು ಎಂದು ಗಾಬರಿಯಾಗುವವರೇ ಹೆಚ್ಚು. ಆದರೆ ಕೋವಿಗೆ ನಂಬರು ಹೊಡೆಯಲೇಬೇಕು ಎಂಬುದು ಇತ್ತೀಚಿನ ಕಟ್ಟಳೆ. ಅಮೆರಿಕದಂಥ ಅಮೆರಿಕದಲ್ಲೇ 1968ರ ಕಾನೂನು ಬರುವತನಕ ಅಗ್ಗದ ಕೋವಿಗಳು ನಂಬರಿಲ್ಲದೆ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಬ್ರಿಟಿಷ್ ಸೈನ್ಯದ ಪ್ರಸಿದ್ಧ 1853ರ ಎನ್‌ಫೀಲ್ಡ್‌ಗೂ ಇಂದಿನ ಅರ್ಥದ ಸೀರಿಯಲ್ ನಂಬರಿಲ್ಲ. ಹಿಡಿಯ ಹಿತ್ತಾಳೆಯ ಮೇಲೆ ಪಲ್ಟನ್ನಿನ ಗುರುತು, ಅದರ ಅಂಕಿ, ಅಷ್ಟೇ. ನಂಬರಿಲ್ಲದಿರುವುದು ಬೇರೆ, ನಂಬರು ಅಳಿಸಿರುವುದು ಬೇರೆ. ನಿಮ್ಮ ಮಟ್ಟಿಗೆ ಇದೇ ದೊಡ್ಡ ವಿಷಯ, ವಯಸ್ಸಿಗಿಂತಲೂ ದೊಡ್ಡದು. ಏಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ಹೇಳುವುದು ಹೀಗೆ: ತಯಾರಕರ ಹೆಸರು, ನಂಬರು, ಗುರುತು ಯಾವುದೂ ಇಲ್ಲದ ಕೋವಿ ಯಾರ ಬಳಿ ಸಿಗುತ್ತದೋ, ಅದನ್ನು ಅಳಿಸಿದವರು ಅವರೇ ಎಂದು ಮೊದಲು ಊಹಿಸಲಾಗುತ್ತದೆ, ಅಲ್ಲ ಎಂದು ತೋರಿಸುವ ಹೊರೆ ಅವರದು. ಹಾಗಾಗಿ ನಂಬರಿನ ಬದಲು ಈ ಕೋವಿಗಳ ಮೇಲೆ ಏನಿದೆ ಎಂಬುದನ್ನು ಹೇಳಲು ನೀವು ಕಲಿಯಬೇಕು.

ಅಳಿಸಿದ ಜಾಗ ಗುಟ್ಟು ಮುಚ್ಚಿಡುವುದಿಲ್ಲ. ಅರ ಹಾಕಿದ ಕಡೆ ಕಬ್ಬಿಣ ತುಸು ತಗ್ಗಾಗಿರುತ್ತದೆ. ಸುತ್ತಲಿನ ಕೊರೆತದ ಬಳ್ಳಿ ಅಲ್ಲಿ ಅರ್ಧಕ್ಕೇ ಕಡಿಯುತ್ತದೆ. ತುಕ್ಕಿನ ಬಣ್ಣವೂ ಬೇರೆ, ಸುತ್ತ ಕಾಫಿಬೀಜದ ಬಣ್ಣವಿದ್ದರೆ ಅಲ್ಲಿ ಇಟ್ಟಿಗೆ ಕೆಂಪು. ರಾತ್ರಿ ದೀಪ ಆರಿಸಿ, ಟಾರ್ಚನ್ನು ನಳಿಗೆಗೆ ಮಲಗಿಸಿದಂತೆ ಹಿಡಿದು ಓರೆ ಬೆಳಕು ಬಿಟ್ಟರೆ ಎದ್ದು ಕಾಣುತ್ತದೆ. ನಿಮ್ಮ ಫೋಟೋಗಳಲ್ಲಿ ಅಂಥದ್ದು ನನಗೆ ಕಂಡಿಲ್ಲ.

ಮೊದಲು ಕೇಪಿನ ಕೋವಿ. ಲಾಕಿನ ತಗಡಿನ ಮೇಲಿರುವ ಪ್ರಾಣಿ ಸಿಂಹ, ಮುಂಗಾಲಿನಲ್ಲಿ ಕಿರೀಟ ಹಿಡಿದಿದೆ. ಇದು ಈಸ್ಟ್ ಇಂಡಿಯಾ ಕಂಪನಿಯ ಗುರುತು. ಕಂಪನಿ 1808ರ ಸುಮಾರಿಗೆ ಈ ಸಿಂಹವನ್ನು ಹಾಕತೊಡಗಿತು. ಅದಕ್ಕೂ ಮುಂಚಿನ ಕೋವಿಗಳ ಮೇಲೆ ಹೃದಯದಾಕಾರವನ್ನು ನಾಲ್ಕು ಭಾಗ ಮಾಡಿ ಒಳಗೆ ಅಕ್ಷರ ಬರೆದ ವ್ಯಾಪಾರದ ಮುದ್ರೆ ಇರುತ್ತಿತ್ತು, ಗಂಟುಮೂಟೆಗಳ ಮೇಲೆ ಹೊಡೆಯುತ್ತಿದ್ದದ್ದೇ ಅದು. ಟಿಪ್ಪು ಸತ್ತದ್ದು 1799ರ ಮೇ 4ಕ್ಕೆ. ಅಂದರೆ ನಿಮ್ಮ ಲಾಕು ಹುಟ್ಟುವ ಹೊತ್ತಿಗೆ ಟಿಪ್ಪು ಹೋಗಿ ಒಂಬತ್ತು ವರ್ಷವಾದರೂ ಆಗಿತ್ತು. ಅಜ್ಜನ ಮಾತು ಸುಳ್ಳಾಯಿತಲ್ಲ ಎಂದು ಬೇಸರ ಬೇಡ. ನಮ್ಮ ಜಿಲ್ಲೆಯಲ್ಲಿ ಉದ್ದ ಕೋವಿಗಳೆಲ್ಲ ಟಿಪ್ಪುವಿನವು, ಹಳೆ ನಾಣ್ಯಗಳೆಲ್ಲ ಸೋದೆ ಅರಸರವು.

ಟಿಪ್ಪುವಿನ ಕಾರ್ಖಾನೆಯ ಕೋವಿಯನ್ನು ಗುರುತಿಸಲು ತಜ್ಞರೇ ಬೇಕೆಂದಿಲ್ಲ. ಅದರ ಮೇಲೆ ಹುಲಿಯ ಪಟ್ಟೆ ಇರುತ್ತದೆ, ಹುಲಿಮುಖ ಇರುತ್ತದೆ, ಪರ್ಷಿಯನ್ ಲಿಪಿಯಲ್ಲಿ ಹೈದರನ ಹೆಸರಿರುತ್ತದೆ. ಇಸವಿ ಅವನದೇ ಮೌಲೂದಿ ಶಕೆಯದು, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಹೊರಡಿಸಿದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿಕೊಂಡು ನಿಂತಿದೆ. ನಿಮ್ಮ ಮೆತ್ತಿನ ಮೇಲಿದ್ದದ್ದು ಗೆದ್ದ ಪ್ರಾಣಿ.

ಆದರೆ ಲಾಕಿಗೆ 1808ರ ನಂತರ ಎಂದ ಮಾತ್ರಕ್ಕೆ ಕೋವಿಗೂ ಅದೇ ವಯಸ್ಸು ಎನ್ನಲಾಗದು. ನಿಮ್ಮ ಐದನೇ ಫೋಟೋದಲ್ಲಿ ಕುದುರೆಯ ಮುಂದೆ ತಗಡಿನಲ್ಲಿ ಮೂರು ತೂತು ಕಾಣುತ್ತವೆ. ಎರಡರಲ್ಲಿ ಏನೂ ಇಲ್ಲ, ಒಂದಕ್ಕೆ ಹಿತ್ತಾಳೆ ತುಂಬಿದ್ದಾರೆ. ಅಲ್ಲಿ ಹಿಂದೆ ಮದ್ದಿನ ಬಟ್ಟಲು, ಅದರ ಮುಚ್ಚಳದ ಸ್ಪ್ರಿಂಗು ಇದ್ದವು. ಅಂದರೆ ಇದು ಹುಟ್ಟುವಾಗ ಚಕಮಕಿ ಕೋವಿ. ಕಲ್ಲು ಕಚ್ಚಿದ ಕುದುರೆ ಉಕ್ಕಿಗೆ ಬಡಿದು ಕಿಡಿ ಹಾರಿಸಿ, ಬಟ್ಟಲಿನ ಮದ್ದು ಹತ್ತಿ, ಕಿವಿತೂತಿನಿಂದ ಬೆಂಕಿ ಒಳಗೆ ಹೋಗುವ ಜಾತಿ. ಬಡಿತಕ್ಕೆ ಹೊತ್ತುವ ಮದ್ದಿನ ಪೇಟೆಂಟನ್ನು ಸ್ಕಾಟ್ಲೆಂಡಿನ ಫೋರ್ಸಿತ್ ಎಂಬ ಪಾದ್ರಿ ಪಡೆದದ್ದು 1807ರಲ್ಲಿ. ತಾಮ್ರದ ಕೇಪು ಬಳಕೆಗೆ ಬಂದದ್ದು 1820ರ ದಶಕದಲ್ಲಿ, ಸೈನ್ಯಗಳು ಒಪ್ಪಿದ್ದು 1840ರ ಆಸುಪಾಸಿನಲ್ಲಿ. ಹಾಗಾಗಿ ನಿಮ್ಮ ಲಾಕು ತಯಾರಾದದ್ದು 1808ಕ್ಕೂ 1840ರ ದಶಕದ ಆರಂಭಕ್ಕೂ ನಡುವೆ. ಕೇಪಿನ ಕೋವಿಯಾಗಿ ಬದಲಾದದ್ದು ಅದರ ನಂತರ.

ಯಾರು ಬದಲಿಸಿದರು? ಕಂಪನಿಯ ಕಾರ್ಖಾನೆಯಲ್ಲ. ಕಿವಿತೂತಿಗೆ ತಿರುಪಿ ಕೂರಿಸಿದ ಉರುಟು ತುಂಡು, ಅದರ ಮೇಲಿನ ಗೂಟ, ಎರಡೂ ಕೈಯರದ ಕೆಲಸ. ಹೊಸ ಕುದುರೆಯ ಬಾಯಿ ಗೂಟದ ಮೇಲೆ ನೇರ ಬೀಳುತ್ತಿಲ್ಲ, ಎಡಕ್ಕೆ ಒಂದು ಅಕ್ಕಿಕಾಳಿನಷ್ಟು ಜಾರಿದೆ. ಮರದ ಹಿಡಿಯೂ ಊರಿನದೇ. ಕಂಪನಿಯ ಕೋವಿಗೆ ವಾಲ್‌ನಟ್ ಮರ. ಇದರ ಕಪ್ಪುಗೆರೆ ನೋಡಿದರೆ ಬೀಟೆ. ಎತ್ತಿ ಹಿಡಿದಾಗ ಹಿಂಭಾರ ಅನ್ನಿಸಿತು ಎಂದು ಬರೆದಿದ್ದೀರಿ, ಅದೇ ಕಾರಣ. ನಳಿಗೆಯನ್ನೂ ಕುಯ್ದಿದ್ದಾರೆ. ಇಂಡಿಯಾ ಪ್ಯಾಟರ್ನ್ ಎಂದು ಹೆಸರಾದ ಈ ಜಾತಿಯ ನಳಿಗೆ 39 ಇಂಚು ಇರಬೇಕು, ಬಾಯಿಯ ಹತ್ತಿರ ಮೇಲ್ಗಡೆ ಬಯೊನೆಟ್ ಸಿಕ್ಕಿಸುವ ಚಿಕ್ಕ ಗಟ್ಟಿ ಇರಬೇಕು. ನಿಮ್ಮದು 31 ಇಂಚು, ಗಟ್ಟಿ ಇಲ್ಲ, ಬದಲಿಗೆ ಹಿತ್ತಾಳೆಯ ಗುಂಡು ಬೆಸೆದಿದ್ದಾರೆ. ಬೆಟ್ಟದ ಪೊದೆಯಲ್ಲಿ ಹಂದಿಯ ಹಿಂದೆ ಓಡುವವನಿಗೆ ಸಿಪಾಯಿಯ ಉದ್ದ ಯಾಕೆ ಬೇಕು?

ಬಾಯಿಯ ಒಳಅಗಲ ವರ್ನಿಯರ್‌ನಲ್ಲಿ ಅಳೆದು ತಿಳಿಸಿ. 19 ಮಿಲಿಮೀಟರಿನ ಸುಮಾರಿಗಿದ್ದರೆ ನಳಿಗೆಯೂ ಕಂಪನಿಯದೇ. ಹದಿನಾರೂವರೆ ಬಂದರೆ ಕತೆ ಬೇರೆ. 1857ರ ದಂಗೆಯ ಮೇಲೆ ದೇಶೀ ಸಿಪಾಯಿಗಳಿಗೆ ತಿರುಗುಗೆರೆಯಿಲ್ಲದ (ಗುಂಡನ್ನು ತಿರುಗಿಸುವ ಒಳಗೀರುಗಳಿಲ್ಲದ) .656 ಇಂಚಿನ ನಳಿಗೆ ಕೊಟ್ಟರು. ಗುರಿ ದೂರ ಹೋಗಬಾರದು ಎಂಬುದೇ ಉದ್ದೇಶ. ಅದರ ನಳಿಗೆಗೆ ಹಳೆಯ ಲಾಕು ಜೋಡಿಸಿರಲೂಬಹುದು. ಒಂದೇ ಕೋವಿಯಲ್ಲಿ ಮೂರು ಕಾಲದ ಕಬ್ಬಿಣ ಇರುವುದು ಹಳ್ಳಿಯ ಕೋವಿಗಳಲ್ಲಿ ಹೊಸದಲ್ಲ. ಹೆಚ್ಚು ಹಳೆಯ ಭಾಗ ನೋಡಿ ಕೋವಿಗೆ ಇಸವಿ ಹಚ್ಚುವುದು ಮಾರುವವರ ಲೆಕ್ಕ. ಕೊನೆಗೆ ಸೇರಿದ ಭಾಗ ಬಂದಾಗ ಕೋವಿ ಈಗಿನ ರೂಪಕ್ಕೆ ಬಂತು ಎನ್ನುವುದು ನನ್ನ ಲೆಕ್ಕ.

ತುಕ್ಕು ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ಕಾರವಾರದ ಉಪ್ಪುಗಾಳಿಯಲ್ಲಿ ಹತ್ತು ಮಳೆಗಾಲ ಕಂಡ ಕೋವಿ ಬಳ್ಳಾರಿಯ ನೂರು ವರ್ಷದ ಕೋವಿಗಿಂತ ಮುದುಕನಂತೆ ಕಾಣುತ್ತದೆ. ನಿಮ್ಮದು ಅಡುಗೆಮನೆಯ ಹೊಗೆಗೆ ಸಿಕ್ಕಿ ಉಳಿದಿದೆ, ಮೈಮೇಲಿನ ಜಿಡ್ಡುಮಸಿಯೇ ಅದನ್ನು ಕಾಪಾಡಿದೆ. ಅದನ್ನು ಮರಳುಕಾಗದ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದಿರೋ, ಸಿಂಹ ಹೋಯಿತು. ಈ ಕಸುಬಿಗೆ ಬಂದ ಹೊಸತರಲ್ಲಿ ಹೊನ್ನಾವರ ಕಡೆಯವರೊಬ್ಬರ ಲಾಕನ್ನು ಚೆಂದ ಮಾಡಿಕೊಡುತ್ತೇನೆಂದು ಉಜ್ಜಿ, ಅಡಿಯಲ್ಲಿದ್ದ ಇಸವಿಯ ಕೊನೆಯ ಎರಡು ಅಂಕಿ ಅಳಿಸಿಬಿಟ್ಟೆ. ಅವರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತು. ತೆಳು ಮಷಿನ್ ಎಣ್ಣೆ, ಹಳೆಯ ಹತ್ತಿ ಬಟ್ಟೆ, ಎರಡು ದಿನದ ತಾಳ್ಮೆ ಇದ್ದರೆ ಸಾಕು. ಗುರುತು ಓದಲಾಗದಿದ್ದರೆ ಒಣ ಬಟ್ಟೆಯಿಂದ ಎಣ್ಣೆ ಒರಸಿ, ಟಾಲ್ಕಂ ಪೌಡರ್ ಸವರಿ ಮೇಲ್ಮೈ ಒರಸಿ. ಗೀರಿನೊಳಗೆ ಬಿಳಿ ಉಳಿಯುತ್ತದೆ. ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಆಗುತ್ತದೆ, ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ.

ಜೋಡುನಳಿಗೆಯದು ಸುಲಭ, ಏಕೆಂದರೆ ಅದು ಯುರೋಪಿನ ಪ್ರೂಫ್ ಹೌಸ್ ದಾಟಿ ಬಂದಿದೆ. ಅಲ್ಲಿನ ದೇಶಗಳಲ್ಲಿ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ, ಒಡೆಯದಿದ್ದರೆ ಮುದ್ರೆ ಹೊಡೆಯುವ ಸರ್ಕಾರಿ ಅಂಗೀಕಾರದ ಮನೆಗಳಿವೆ. ಲಂಡನ್ನಿನ ಕೋವಿಗಾರರ ಸಂಘಕ್ಕೆ ಸನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದ್ದು. ಮುದ್ರೆಯ ಕಾನೂನು ಬದಲಾದಾಗಲೆಲ್ಲ ಮುದ್ರೆಯೂ ಬದಲಾಯಿತು. ನಂಬರಿಲ್ಲದ ಕೋವಿಗೆ ಅದೇ ಜಾತಕ. ಆದರೆ ಅದು ಮೇಲೆ ಇರುವುದಿಲ್ಲ. ಮುಂಗೈಯ ಮರ ಕಳಚಿ, ನಳಿಗೆ ಬಿಡಿಸಿ, ಮಗುಚಿ ಹಾಕಿ ನೋಡಬೇಕು. ನಿಮ್ಮ ಮಗ ಅದನ್ನು ಮಾಡಿ ಫೋಟೋ ತೆಗೆದದ್ದು ಒಳ್ಳೆಯದೇ ಆಯಿತು.

ಅಲ್ಲಿ ಕಾಣುವ ಮೊಟ್ಟೆಯಾಕಾರದೊಳಗಿನ ಮೂರು ಅಕ್ಷರ ಇ, ಎಲ್, ಜಿ. ಇದು ಬೆಲ್ಜಿಯಮ್ಮಿನ ಲೀಯೇಜ್ ಪಟ್ಟಣದ ಮುದ್ರೆ. ಪಕ್ಕದಲ್ಲಿ ನೀವು ದೀಪಸ್ತಂಭ ಎಂದುಕೊಂಡದ್ದು ಆ ಊರಿನ ಚೌಕದಲ್ಲಿರುವ ಪೆರಾನ್ ಎಂಬ ಕಂಬ. 1853ರಿಂದ ತಪಾಸಣೆಯ ಗುರುತಾಗಿ ಬಂದದ್ದು. ಮೊಟ್ಟೆಯ ನೆತ್ತಿಯ ಮೇಲೆ ಕಿರೀಟವಿದೆ ನೋಡಿ, ಅದು ಸೇರಿದ್ದು 1893ರಲ್ಲಿ. ಹಾಗಾಗಿ 1893ಕ್ಕಿಂತ ಹಿಂದಿನದಲ್ಲ. ಇನ್ನೊಂದು ಕಡೆಯ ಗಡಿ ಹುಡುಕಲು, ಇಲ್ಲದ್ದನ್ನು ನೋಡಬೇಕು. ಲೀಯೇಜಿನವರು 1922ರಿಂದ ವರ್ಷಕ್ಕೊಂದು ಅಕ್ಷರ ಹೊಡೆಯತೊಡಗಿದರು, ನಿಮ್ಮದರಲ್ಲಿ ಆ ಅಕ್ಷರ ಕಾಣುತ್ತಿಲ್ಲ. ನಕ್ಷತ್ರದ ಕೆಳಗಿರುವ ಒಂಟಿ ಅಕ್ಷರ ವರ್ಷದ್ದಲ್ಲ, ತಪಾಸಣೆ ಮಾಡಿದವನ ಗುರುತು. ಇವೆರಡನ್ನು ಬಹಳ ಜನ ಬೆರೆಸುತ್ತಾರೆ. ಒಟ್ಟಿನಲ್ಲಿ 1893ರಿಂದ 1921ರ ಒಳಗೆ. ಹೊರಕುದುರೆ, ನಳಿಗೆಯ ಮೇಲೆ ಹೊಳೆಯ ಸುಳಿಯಂಥ ಡಮಾಸ್ಕಸ್ ವಿನ್ಯಾಸ, ಎರಡೂ ಇದಕ್ಕೆ ಹೊಂದುತ್ತವೆ. 1875ರಲ್ಲಿ ಆ್ಯನ್ಸನ್ ಮತ್ತು ಡೀಲಿ ಎಂಬಿಬ್ಬರು ಕುದುರೆಗಳನ್ನು ಒಳಗೆ ಹುದುಗಿಸಿದ ಕೋವಿ ತಂದ ಮೇಲೂ ಅಗ್ಗದ ಹೊರಕುದುರೆ ಕೋವಿಗಳು ದಶಕಗಳ ಕಾಲ ಬರುತ್ತಲೇ ಇದ್ದವು.

ಬಾಂಬೆಯ ಹೆಸರು ಮಾರಿದವರದ್ದು, ಮಾಡಿದವರದ್ದಲ್ಲ. ಬೆಲ್ಜಿಯಮ್ಮಿನವರು ಗಿರಾಕಿ ಹೇಳಿದ ಹೆಸರನ್ನೆಲ್ಲ ಕೊರೆದು ಕೊಡುತ್ತಿದ್ದರು, ದೊಡ್ಡ ಇಂಗ್ಲಿಷ್ ಮನೆತನಗಳ ಹೆಸರಿಗೆ ಒಂದಕ್ಷರ ಆಚೀಚೆ ಮಾಡಿದ್ದೂ ಉಂಟು. ಬಾಂಬೆ ಯಾಕೆ ಎಂದರೆ, 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಬಾಂಬೆ ಪ್ರಾಂತಕ್ಕೆ ಸೇರಿಸಿದರು, 1956ರವರೆಗೂ ಅಲ್ಲೇ ಇದ್ದೆವು. ಅಡಿಕೆಯ ದುಡ್ಡು ಬಂದ ವರ್ಷ ಕೋವಿ ತರಿಸುವವರು ಬಾಂಬೆಯ ಕ್ಯಾಟಲಾಗು ನೋಡಿದರೆ ಆಶ್ಚರ್ಯವಿಲ್ಲ.

ಈ ಕೋವಿಗೆ ಈಗಿನ ತೋಟೆ ಹಾಕಲೇಬೇಡಿ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ಬೆಲ್ಜಿಯನ್ ನಳಿಗೆಯ ಮೇಲೆ ಸಿಂಹದ ಕೆಳಗೆ ಪಿ, ವಿ ಎಂಬ ಅಕ್ಷರ ಇರುತ್ತದೆ (ಇದು ಬೇರೆ ಸಿಂಹ, ಕಂಪನಿಗೂ ಇದಕ್ಕೂ ಸಂಬಂಧವಿಲ್ಲ). ನಿಮ್ಮದರಲ್ಲಿ ಅದಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ ಸುತ್ತಿ ಬೆಸೆದ ನಳಿಗೆ ಅದು. ಬೆಸುಗೆಯ ನಡುವೆ ಒಳಗಿಂದೊಳಗೆ ತುಕ್ಕು ತಿಂದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಒಡೆಯುವುದು ಎಡಗೈ ಹಿಡಿಯುವ ಜಾಗದಲ್ಲೇ.

ಜೋಡುನಳಿಗೆಯ ಟ್ರಿಗರಿನ ಬಳೆಯ ಮೇಲೆ ಸೊಟ್ಟಸೊಟ್ಟಾಗಿ ಕೊರೆದ 214 ಏನು ಎಂದು ಕೇಳಿದ್ದೀರಿ. ಕಾರ್ಖಾನೆಯ ಅಂಕಿ ಅಚ್ಚಿನಲ್ಲಿ ಹೊಡೆದದ್ದು, ಸಾಲಾಗಿರುತ್ತದೆ. ಇದು ಉಳಿಯ ಕೆಲಸ. ಲೈಸೆನ್ಸಿಗಾಗಿ ಇಲ್ಲೇ ಹಾಕಿಸಿದ ಅಂಕಿ ಇರಬಹುದು. ಪುಸ್ತಕದ ಎಲ್ಲ ಹಾಳೆ, ಹಿಂಬದಿಯ ಷರಾ, ನವೀಕರಣದ ಮುದ್ರೆಗಳಲ್ಲಿ 214 ಎಲ್ಲಾದರೂ ಇದೆಯೇ ಹುಡುಕಿ. ಸಿಕ್ಕರೆ ನಿಮ್ಮ ಅರ್ಧ ತಲೆನೋವು ಕಳೆಯಿತು.

ಏಕೆಂದರೆ ಪುಸ್ತಕದಲ್ಲಿರುವ ಒಂದೇ ನಮೂದು ಎಸ್‌ಬಿಎಂಎಲ್, ಅಂದರೆ ಒಂಟಿನಳಿಗೆಯ, ಬಾಯಿಂದ ತುಂಬುವ ಕೋವಿ. ಅದು ಸಿಂಹದ ಕೋವಿಯೇ ಇರಬೇಕು. ಜೋಡುನಳಿಗೆಯಾಗಿದ್ದರೆ ಡಿಬಿಬಿಎಲ್, ಅಂದರೆ ಜೋಡುನಳಿಗೆಯ, ಹಿಂದಿನಿಂದ ತುಂಬುವ ಕೋವಿ ಎಂದು ಬರೆಯುತ್ತಿದ್ದರು. ಹೀಗಾಗಿ ಒಂದು ಕೋವಿಗೆ ಹಳೆಯ ಕಾಗದವಿದೆ, ಇನ್ನೊಂದಕ್ಕೆ ಸದ್ಯಕ್ಕೆ ಏನೂ ಇಲ್ಲ.

ನೂರು ವರ್ಷದ ಮಾತು ತಪ್ಪು. ಅಮೆರಿಕದಲ್ಲಿ 1898 ಮತ್ತು ಅದಕ್ಕೂ ಹಿಂದಿನ ಕೋವಿ ಪ್ರಾಚೀನ ಎಂದು ವಿನಾಯಿತಿ ಇದೆ, ಮೊಬೈಲಿನಲ್ಲಿ ಹುಡುಕಿದವರು ಅದನ್ನೇ ತಂದು ಹೇಳುತ್ತಾರೆ. ನಮ್ಮ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಉಂಟು, ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಕೋವಿಯಾಗಿ ಹಾರುವಂತಿರಬಾರದು. ನಿಮ್ಮ ಎರಡೂ ಒಂದು ಸ್ಪ್ರಿಂಗು ಹಾಕಿದರೆ ಹಾರುತ್ತವೆ. ಇನ್ನೂರು ವರ್ಷವಾದರೂ ಅವು ಕಾನೂನಿನ ಕಣ್ಣಲ್ಲಿ ಕೋವಿಯೇ.

ಆದ್ದರಿಂದ ತಡಮಾಡಬೇಡಿ. 21ನೇ ಕಲಮಿನ ಪ್ರಕಾರ ಇಟ್ಟುಕೊಳ್ಳುವ ಹಕ್ಕು ಮುಗಿದ ಕೋವಿಯನ್ನು ಠಾಣೆಗಾಗಲಿ ಲೈಸೆನ್ಸ್ ಇರುವ ಡೀಲರ್ ಬಳಿಗಾಗಲಿ ಒಪ್ಪಿಸಬೇಕು. ನೀವೇ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಬೇಡಿ. ಮೊದಲು ವಕೀಲರೊಬ್ಬರಿಗೆ ತೋರಿಸಿ, ಸಿಕ್ಕ ದಿನ, ಸಿಕ್ಕ ಜಾಗ, ಆಗ ಅಲ್ಲಿದ್ದ ಕೆಲಸದವರ ಹೆಸರು ಬರೆದು ಠಾಣೆಗೆ ಲಿಖಿತ ತಿಳಿವಳಿಕೆ ಕೊಡಿ. ಸಾಗಿಸುವುದು ಹೇಗೆಂದು ಅವರೇ ಹೇಳಲಿ. ಸ್ವೀಕೃತಿಯಲ್ಲಿ ‘ಹಳೆ ಕೋವಿ ಎರಡು’ ಎಂದಷ್ಟೇ ಬರೆಸಿಕೊಳ್ಳಬೇಡಿ. ನಂಬರಿಲ್ಲದ ಕೋವಿ, ಊರಿನ ಕೋವಿಗಳೆಲ್ಲ ಠಾಣೆಗೆ ಬರುವ ಚುನಾವಣೆಯ ಹೊತ್ತಿಗೆ ಠಾಣೆಯ ಕೋಣೆ ಸೇರಿದರೆ, ಚೀಟಿ ಕಟ್ಟಿದ ದಾರ ಕಡಿದ ದಿನ ಅನಾಥ. ಸಿಂಹದ ಮುದ್ರೆ, 31 ಇಂಚು, ಹಿತ್ತಾಳೆ ತುಂಬಿದ ತೂತು, ಬೀಟೆಯ ಹಿಡಿ. ಕಿರೀಟದ ಮೊಟ್ಟೆ ಮುದ್ರೆ, ಬಳೆಯ ಮೇಲೆ 214: ಇವನ್ನೆಲ್ಲ ಬರೆಸಿ, ಫೋಟೋ ಲಗತ್ತಿಸಿ. 8ನೇ ಕಲಮಿನ ಊಹೆಗೆ ನಿಮ್ಮ ಉತ್ತರವೂ ಇದೇ ಕಾಗದ.

ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಕಾರವಾರದ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ. ದೇವಿಮನೆ ಘಟ್ಟ ಎರಡು ಮೂರು ಸಲ ಇಳಿಯಬೇಕಾದೀತು. ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯ ಲೈಸೆನ್ಸ್ ಕೊಡಲು ಕಾಯ್ದೆಯ 13ನೇ ಕಲಮಿನಲ್ಲೇ ದಾರಿ ಇದೆ, ತೋಟದ ಪಹಣಿ ಜೊತೆಗಿರಲಿ. ಜೋಡುನಳಿಗೆಯದು ಕಷ್ಟ. ಬಾಂಬೆ ಕಾಲದ ಇನ್ನೊಂದು ಪುಸ್ತಕ, ಅಂಗಡಿಯ ರಸೀದಿ ಏನಾದರೂ ದಫ್ತರದ ಪೆಟ್ಟಿಗೆಯಲ್ಲಿ ಇದೆಯೇ ಎಂದು ಅಜ್ಜಿಯನ್ನು ಕೇಳಿ ನೋಡಿ.

ಆಯುಧಪೂಜೆಗೆ, ಲೈಸೆನ್ಸ್ ಆದ ಮೇಲೆ ಧಾರಾಳ ಇಡಿ. ಕುಂಕುಮ ಮಾತ್ರ ಮರದ ಹಿಡಿಗೆ ಹಚ್ಚಿ. ಒದ್ದೆ ಕುಂಕುಮ ಲಾಕಿನ ಮೇಲೆ ಒಣಗಿ, ವರ್ಷವರ್ಷವೂ ಅದೇ ಜಾಗದಲ್ಲಿ ಬಿದ್ದು, ಮುದ್ರೆಯನ್ನು ಉರುಟಾಗಿ ತಿಂದುಹಾಕಿದ ಎರಡು ಕೋವಿಗಳನ್ನು ನಾನು ನೋಡಿದ್ದೇನೆ.